ಎಂಟಿಂಚಿನ ಟ್ಯಾಬ್ಲೆಟ್ಟು, ಹನ್ನೆರಡೂವರೆಯ ಕುರ್ಚಿ

ಮೂರು ಸಲ ತಡವಾದರೆ ರೂಟು ಕೈತಪ್ಪುತ್ತದೆ ಎಂದು ವ್ಯಾನ್ ಕಂಪನಿಯ ಮಾಲೀಕರು ಮೊದಲ ದಿನವೇ ಹೇಳಿದ್ದರು. ನಾನು ಮೊದಲ ಎರಡು ಟ್ರಿಪ್ಪುಗಳಲ್ಲೇ ಎರಡು ಸಲ ತಡವಾದೆ. ಒಂದು ತಿಂಗಳ ಪರೀಕ್ಷೆಯಲ್ಲಿ ಇನ್ನೂ ಹತ್ತು ಟ್ರಿಪ್ಪು ಬಾಕಿ ಇದ್ದವು. ಆ ಹತ್ತರಲ್ಲಿ ಒಂದು ತಪ್ಪಿದರೂ ಮುಗಿಯಿತು.

ಕೆಲಸವೇನೋ ಸರಳವೇ. ಗಾಲಿಕುರ್ಚಿ ಏರಿಸುವ ವ್ಯಾನಿನಲ್ಲಿ ಮೂವರು ಕಿಡ್ನಿ ರೋಗಿಗಳನ್ನು ಅವರವರ ಮನೆಯಿಂದ ಹತ್ತಿಸಿಕೊಂಡು, ವಾರಕ್ಕೆ ಮೂರು ದಿನ, ಮಧ್ಯಾಹ್ನ ಹನ್ನೆರಡೂವರೆಯೊಳಗೆ ಮಾರ್ಕಮ್ ಕಡೆಯ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಮುಟ್ಟಿಸಬೇಕು. ಅಲ್ಲಿ ಪ್ರತಿ ಕುರ್ಚಿಗೂ ಸಮಯ ಗೊತ್ತುಮಾಡಿರುತ್ತಾರೆ. ಸಂಜೆಯ ಸರದಿಯವರು ಬಂದು ಕಾಯುತ್ತಿರುತ್ತಾರೆ. ಹಾಗಾಗಿ ನಾವು ಅರ್ಧ ತಾಸು ತಡವಾಗಿ ಹೋದರೆ, ನಮ್ಮವರ ರಕ್ತ ಅರ್ಧ ತಾಸು ಕಡಿಮೆ ಶುದ್ಧವಾಗುತ್ತದೆ. ಅದರ ಫಲವನ್ನು ಮರುದಿನ ಊದಿದ ಕಾಲು, ಹತ್ತುವ ಉಸಿರಿನಲ್ಲಿ ಅವರು ಅನುಭವಿಸುತ್ತಾರೆ, ನಾವಲ್ಲ. ಇದಕ್ಕೂ ಮೊದಲು ಈ ಮೂವರು ಹೋಗುತ್ತಿದ್ದದ್ದು ಊರೆಲ್ಲ ಸುತ್ತಿ ಜನರನ್ನು ಹೇರಿಕೊಳ್ಳುವ ಒಂದು ಹಂಚಿಕೆ ಬಸ್ಸಿನಲ್ಲಿ. ಬರುವಾಗ ಎರಡು ತಾಸು, ಹೋಗುವಾಗ ಎರಡು ತಾಸು. ಕೇಂದ್ರದವರು ನಮ್ಮ ಕಂಪನಿಗೆ ಇಟ್ಟ ಈ ಪರೀಕ್ಷೆಯಲ್ಲಿ ಸೋತರೆ ಅವರು ಮತ್ತೆ ಆ ಬಸ್ಸಿಗೆ, ನಾನು ಮತ್ತೆ ಏರ್‌ಪೋರ್ಟಿನಲ್ಲಿ ಪಾರ್ಸಲ್ ಸಾಗಿಸುವ ಹಳೆಯ ಕೆಲಸಕ್ಕೆ.

ಮೊದಲನೆಯ ಸಲ ತಡವಾದದ್ದು ಫೋನಿನ ದೆಸೆಯಿಂದ. ಕಂಪನಿಯ ಫೋನಿನಲ್ಲಿ ಆಫೀಸು ಟ್ರಿಪ್ಪು ಗೊತ್ತುಮಾಡಿ ಕಳಿಸುವ ಡಿಸ್ಪ್ಯಾಚ್ ಆ್ಯಪೂ ನಕ್ಷೆಯೂ ಒಟ್ಟಿಗೇ ಓಡುತ್ತವೆ. ಸರಿಯಾಗಿ ತಿರುವು ಬರುವ ಹೊತ್ತಿಗೆ ಆಫೀಸಿನ ಹುಡುಗಿಯ ಕರೆ ಬಂದು ಪರದೆಯನ್ನೆಲ್ಲ ಮುಚ್ಚಿತು. ಕರೆ ಮುಗಿಯುವಷ್ಟರಲ್ಲಿ ನಾನು ಬೇಡದ ಹೆದ್ದಾರಿಯಲ್ಲಿ ಬೇಡದ ದಿಕ್ಕಿಗೆ ನೂರರ ವೇಗದಲ್ಲಿ ಹೋಗುತ್ತಿದ್ದೆ. ಮೇಲಾಗಿ ನನ್ನ ಕಣ್ಣಿಗೆ ಚಾಳೀಸು ಬಂದಿದೆ. ಕನ್ನಡಕ ಹಾಕಿದರೆ ಫೋನು ಕಾಣುತ್ತದೆ, ರಸ್ತೆ ಮಸುಕಾಗುತ್ತದೆ. ತೆಗೆದರೆ ರಸ್ತೆ ಕಾಣುತ್ತದೆ, ಫೋನು ಇರುವೆಸಾಲಾಗುತ್ತದೆ.

ಆದ್ದರಿಂದ ಒಂದು ಸಣ್ಣ ಟ್ಯಾಬ್ಲೆಟ್ಟು ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ಎಂಟಿಂಚಿನದು. ನಕ್ಷೆ ಬಿಟ್ಟು ಅದರಲ್ಲಿ ಬೇರೇನೂ ಇರಬಾರದು. ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಸಾಧನ, ಕಂಪನಿಯ ಫೋನು ವಾಪಸು ಆಫೀಸಿಗೆ, ಸ್ವಂತ ಫೋನು ಬ್ಯಾಗಿನಲ್ಲಿ, ಗಾಡಿ ಓಡುವಾಗ ಮುಟ್ಟುವಂತಿಲ್ಲ ಎನ್ನುವ ಷರತ್ತಿನ ಮೇಲೆ ಮಾಲೀಕರು ಒಪ್ಪಿದರು. ಯಾರೋ ಬಳಸಿ ಬಿಟ್ಟದ್ದು ಬ್ರಾಂಪ್ಟನ್ನಿನಲ್ಲಿ ಸಿಕ್ಕಿತು. ಮನೆಯಲ್ಲಿ ತೆರೆದು ನೋಡಿದೆ, ನೀಲಿ ಚುಕ್ಕೆ ಸರಿಯಾಗಿ ನಮ್ಮ ಬಿಲ್ಡಿಂಗಿನ ಮೇಲೆಯೇ ಕೂತಿತ್ತು. ದೊಡ್ಡ ಅಕ್ಷರ, ಸ್ಪಷ್ಟ ಬಣ್ಣ. ಹಿಗ್ಗಿ ಹೀರೇಕಾಯಿಯಾದೆ. ಪರೀಕ್ಷಿಸದೆಯೇ ಮರುದಿನ ಅದನ್ನು ನಂಬಿಕೊಂಡು ಹೊರಟೆ.

ನಾನು ಸ್ಟೀಲ್ಸ್ ರಸ್ತೆಯಲ್ಲಿ ಆರು ಸಿಗ್ನಲ್ ದಾಟಿದ್ದೆ. ನೀಲಿ ಚುಕ್ಕೆ ಮಾತ್ರ ಇನ್ನೂ ನಮ್ಮ ಮನೆಯ ಪಾರ್ಕಿಂಗಿನಲ್ಲೇ ಇತ್ತು. ಗಾಡಿ ನಿಲ್ಲಿಸಿ ಆರಿಸಿದೆ, ಹಚ್ಚಿದೆ, ಬೈದೆ. ಅದು ಜಪ್ಪಯ್ಯ ಎನ್ನಲಿಲ್ಲ. ಆ ದಿನ ಹದಿನೆಂಟು ನಿಮಿಷ ತಡ. ಕೇಂದ್ರದ ನರ್ಸು ಪುಸ್ತಕದಲ್ಲಿ ಸಮಯ ಬರೆದುಕೊಂಡಳು. ಅವಳು ಬೈದಿದ್ದರೆ ವಾಸಿಯಿತ್ತು.

ಟ್ಯಾಬ್ಲೆಟ್ಟಿನ ರೋಗ ಪತ್ತೆ ಹಚ್ಚಿದವಳು ಕಾಲೇಜಿಗೆ ಹೋಗುವ ನನ್ನ ಮಗಳು. ಈ ದೇಶದಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

"ಮಮ್ಮೀ, ದಿಸ್ ಒನ್ ಹ್ಯಾಸ್ ನೋ ಜಿಪಿಎಸ್. ವೈಫೈ ನೋಡಿ ಇಟ್ ಜಸ್ಟ್ ಗೆಸಸ್."

"ಅಂದ್ರ? ಇಷ್ಟ್ ದೊಡ್ಡ ನಕಾಶೆ ತೋರಿಸ್ತೈತಿ, ತಾ ಎಲ್ಲಿ ಅದೇನಿ ಅಂತ ಅದಕ್ಕ ಗೊತ್ತಿಲ್ಲ?"

"ಎಕ್ಸಾಕ್ಟ್ಲಿ."

ವೈಫೈ ಮಾತ್ರ ಇರುವ ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಎಷ್ಟೋ ಸಲ ಜಿಪಿಎಸ್ ಇರುವುದೇ ಇಲ್ಲ, ಸಿಮ್ ಹಾಕುವ ಸಂದಿ ಇದ್ದರೆ ಸಾಮಾನ್ಯವಾಗಿ ಇರುತ್ತದೆ, ಸಿಮ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ. ಈ ಮೂರು ವಾಕ್ಯ ಕಲಿಯಲು ನಾನು ಹದಿನೆಂಟು ನಿಮಿಷ ತೆತ್ತೆ. ಅದನ್ನು ಹಿಂದಿರುಗಿಸಿ ಸಂದಿ ಇರುವ ಇನ್ನೊಂದನ್ನು ತಂದೆ. ಈ ಸಲ ಪಾರ್ಕಿಂಗಿನಲ್ಲಿ ನಾಲ್ಕು ಸುತ್ತು ಹಾಕಿ, ಚುಕ್ಕೆ ನನ್ನ ಹಿಂದೆಯೇ ಬರುತ್ತದೆಯೇ ಎಂದು ನೋಡಿದ ಮೇಲೆಯೇ ನಂಬಿದೆ.

ಅಲ್ಲಿಂದ ನನಗೆ ಹಟ ಹಿಡಿಯಿತು. ಇಡೀ ಜಿಟಿಎ, ಅಂದರೆ ಈ ಮಹಾನಗರ ಮತ್ತು ಸುತ್ತಲಿನ ಊರುಗಳ ನಕ್ಷೆಯನ್ನು ಮನೆಯ ವೈಫೈಯಲ್ಲಿ ಇಳಿಸಿಕೊಂಡೆ. ಇಂಟರ್ನೆಟ್ ಇಲ್ಲದಿದ್ದರೂ ದಾರಿ ತೋರಿಸಬೇಕು. ಟ್ರಾಫಿಕ್ ತಿಳಿಯಲು ಮಾತ್ರ ಬ್ಯಾಗಿನಲ್ಲಿದ್ದ ಫೋನಿನ ಹಾಟ್‌ಸ್ಪಾಟು. ಟೋಲ್ ರಸ್ತೆ ಬೇಡ ಎಂದು ಒತ್ತಿದೆ, ಏಕೆಂದರೆ 407 ಹತ್ತಿದರೆ ಮಾಲೀಕರ ರಕ್ತದೊತ್ತಡ ಏರುತ್ತದೆ. ಗಾಜಿಗೆ ಅಂಟಿಸುವ ಸ್ಟ್ಯಾಂಡು ಬೆಳಗಿನ ಚಳಿಗೆ ಪಟ್ಟನೆ ಕಳಚಿ ಬೀಳುತ್ತಿತ್ತು. ಬಿಸಿಗಾಳಿ ಬರುವ ಜಾಲರಿಗೆ ಸಿಕ್ಕಿಸಿದರೆ ಟ್ಯಾಬ್ಲೆಟ್ಟು ಕಾದು ಪರದೆ ಮಂಕಾಗುತ್ತಿತ್ತು. ಕೊನೆಗೆ ಸೀಟಿನ ಬೋಲ್ಟಿಗೆ ಕಬ್ಬಿಣದ ಕಡ್ಡಿಯೊಂದನ್ನು ಬಿಗಿಸಿ ಅದರ ತುದಿಗೆ ಕೂರಿಸಿದೆ. ಅದು ಅಲುಗಲೂ ಇಲ್ಲ, ರಸ್ತೆಗೆ ಅಡ್ಡವೂ ಬರಲಿಲ್ಲ.

ಒಂದು ಭಾನುವಾರ ಖಾಲಿ ವ್ಯಾನಿನಲ್ಲಿ ಪೂರ್ತಿ ರೂಟು ಓಡಿಸಿದೆ. ಆಗ ಗೊತ್ತಾಯಿತು, ವಿಳಾಸ ಬೇರೆ, ಬಾಗಿಲು ಬೇರೆ. ಮೊದಲ ಪ್ರಯಾಣಿಕರು ರೆಕ್ಸ್‌ಡೇಲಿನ ಎತ್ತರದ ಬಿಲ್ಡಿಂಗಿನಲ್ಲಿರುವ ಜಮೈಕಾದ ಅಜ್ಜಿ, ಗಾಲಿಕುರ್ಚಿಯವರು. ನಕ್ಷೆ ನನ್ನನ್ನು ಮುಂಬಾಗಿಲಿಗೆ ಕರೆದೊಯ್ಯುತ್ತಿತ್ತು. ಅಲ್ಲಿ ಏಳು ಮೆಟ್ಟಿಲು. ಇಳಿಜಾರು ಇರುವುದು ಹಿಂದುಗಡೆ, ಕಸದ ಡಬ್ಬಿಗಳ ಪಕ್ಕ. ನಕ್ಷೆಯ ಮೇಲೆ ಆ ಜಾಗಕ್ಕೆ ಬೆರಳಿಟ್ಟು ಒತ್ತಿ ನನ್ನದೇ ಪಿನ್ನು ಊರಿದೆ. ಹೆಸರು ಕೇಳಿತು, "ಅಜ್ಜಿ ಹಿತ್ತಲಬಾಗ್ಲ" ಎಂದು ಬರೆದೆ. ಎರಡನೆಯವರು ವೆಸ್ಟನ್ ರಸ್ತೆಯ ಕಡೆಯ ಇಟಲಿಯ ಮೇಸ್ತ್ರಿ, ಹತ್ತಿದ ಕೂಡಲೇ ಗೊರಕೆ ಹೊಡೆಯುವವರು. ಮೂರನೆಯವರು ಥಾರ್ನ್‌ಹಿಲ್ಲಿನಲ್ಲಿ ಮಗಳ ಮನೆಯಲ್ಲಿರುವ ಮೈಸೂರಿನ ಎಂಜಿನಿಯರು. ಕಾಲುವೆಗಳ ಸರ್ವೆ ಮಾಡಿ ನಿವೃತ್ತರಾದವರು. ಕೋಲು ಹಿಡಿದು ನಡೆಯುತ್ತಾರೆ, ಹಾಗಾಗಿ ನನ್ನ ಪಕ್ಕದ ಸೀಟು ಅವರದು. ರ‍್ಯಾಂಪ್ ಇಳಿಸಲು ಎಷ್ಟು, ಗಾಲಿಕುರ್ಚಿಗೆ ನಾಲ್ಕು ಬೆಲ್ಟು ಬಿಗಿಯಲು ಎಷ್ಟು ಎಂದು ಗಡಿಯಾರ ಹಿಡಿದು ಎಣಿಸಿದೆ. ಏಳು ನಿಮಿಷ ಬೇಕಿತ್ತು. ಡಿಸ್ಪ್ಯಾಚಿನ ಲೆಕ್ಕದಲ್ಲಿ ಅದಕ್ಕೆ ಮೂರೇ ನಿಮಿಷ ಕೊಟ್ಟಿದ್ದರು. ನಾನೇ ಅಷ್ಟು ಮುಂಚಿತವಾಗಿ ಹೊರಡತೊಡಗಿದೆ.

ಮುಂದಿನ ಒಂಬತ್ತು ಟ್ರಿಪ್ಪು ಸರಿಯಾದ ಹೊತ್ತಿಗೆ ಮುಟ್ಟಿದವು. ಒಮ್ಮೆಯಂತೂ ಹನ್ನೊಂದು ನಿಮಿಷ ಮುಂಚೆ. ಎಂಜಿನಿಯರಿಗೆ ಮಾತ್ರ ತೃಪ್ತಿ ಇರಲಿಲ್ಲ.

"ಇದೇನಮ್ಮಾ, ನಿಮ್ಮ ನಕ್ಷೆ ಗಿರಗಟ್ಲೆ ಥರ ತಿರುಗ್ತಾ ಇರತ್ತೆ? ಉತ್ತರ ಯಾವಾಗ್ಲೂ ಮೇಲೇ ಇರ್ಬೇಕು. ಇಲ್ದಿದ್ರೆ ಅದು ನಕ್ಷೆನೇ ಅಲ್ಲ."

"ಸರ್, ನಾ ಮುಂದ ನೋಡಿ ಗಾಡಿ ಹೊಡ್ಯಾಕಿ. ಅದೂ ಮುಂದ ನೋಡ್ಲಿ ಬಿಡ್ರಿ."

"ಹಂಗಾದ್ರೆ ನೀವು ಈ ಊರಲ್ಲಿ ಎಲ್ಲಿದ್ದೀರಿ ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ, ಬಿಡಿ."

"ಆ ಹೆಣ್ಮಗಳು ಒಳಗ ಕುಂತು ಹೇಳ್ತಾಳಲ್ರೀ, ಲೆಫ್ಟ್ ರೈಟ್ ಅಂತ. ನೀವು ಸುಮ್ಮ ಕುಂದರ್ರಿ."

ಅವರು ಸುಮ್ಮನೆ ಕೂರುವ ಜಾತಿಯಲ್ಲ. ಪ್ರತಿ ಸಲವೂ ಬೆಲ್ಟು ಹಾಕಿಕೊಳ್ಳುವುದರೊಳಗೆ ಉತ್ತರದ ಪಾಠ ಶುರುವಾಗುತ್ತಿತ್ತು. ಹಿಂದಿನಿಂದ ಅಜ್ಜಿ, "ಸ್ವೀಟ್‌ಹಾರ್ಟ್, ಈಸ್ ಹಿ ಮ್ಯಾಡ್ ಅಗೇನ್?" ಎಂದು ಕೇಳಿ ನಗುತ್ತಿದ್ದರು. ಎಂಜಿನಿಯರ ಮಾತು ನನ್ನನ್ನು ಚುಚ್ಚಿದ್ದಂತೂ ನಿಜ. ನಮ್ಮ ಧಾರವಾಡದ ಕಡೆ ಅಡಿಗೆಮನೆಯಲ್ಲೂ ದಿಕ್ಕು ಹಿಡಿದು ಮಾತಾಡುತ್ತೇವೆ. ಉಪ್ಪಿನ ಡಬ್ಬಿ ಮೂಡಣ ಗೋಡೆಗೆ ಐತಿ, ಕೊಡ ಬಡಗಣಕ್ಕೆ ಸರಿಸು ಎನ್ನುತ್ತೇವೆ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಇಲ್ಲಿ ಮೂಡಣ ಯಾವುದೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಒಳಗಿನ ಹೆಣ್ಣುದನಿ ಹೇಳಿದ ಕಡೆ ತಿರುಗುವುದಷ್ಟೇ ಗೊತ್ತಿತ್ತು.

ಕೊನೆಯ ಟ್ರಿಪ್ಪಿನ ಹಿಂದಿನ ದಿನ ಖಂಡೇನವಮಿ, ಅಂದರೆ ಆಯುಧಪೂಜೆ. ವ್ಯಾನಿಗೆ ಪೂಜೆ ಮಾಡಿ ಗಾಲಿಗೆ ನಿಂಬೆಹಣ್ಣಿಟ್ಟೆ. ಪಂಜಾಬಿನವರಾದ ಮಾಲೀಕರು ದೂರ ನಿಂತು, "ದೀದಿ, ಮೇರೆ ಟ್ರಕ್ ಕೋ ಭೀ ಲಗಾ ದೋ" ಎಂದರು. ಅವರ ಟ್ರಕ್ಕಿಗೂ ಕುಂಕುಮ ಹಚ್ಚಿದೆ. ಮನೆಗೆ ಬಂದವಳಿಗೆ, ನನ್ನ ಅನ್ನದ ಆಯುಧ ಗಾಡಿಗಿಂತ ಹೆಚ್ಚಾಗಿ ಈ ಟ್ಯಾಬ್ಲೆಟ್ಟೇ ಅಲ್ಲವೇ ಅನ್ನಿಸಿತು. ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಅದರ ಬೆನ್ನಿಗೆ ಐದು ಬೊಟ್ಟಿಟ್ಟು, ಸೇವಂತಿಗೆ ಏರಿಸಿ, ದೇವರ ಮುಂದೆ ಹಿತ್ತಾಳೆಯ ತಟ್ಟೆಯಲ್ಲಿ ಆನಿಸಿ ನಿಲ್ಲಿಸಿದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು ಎಂದು ಬೆಳಗಿನವರೆಗೂ ಮುಟ್ಟಲಿಲ್ಲ.

ಬೆಳಿಗ್ಗೆ ಎತ್ತಿ ಚಾರ್ಜಿಗೆ ಹಾಕಿದರೆ ಹತ್ತಲಿಲ್ಲ. ಬೊಟ್ಟಿನ ನೀರು ಇಳಿದು ತಟ್ಟೆಯಲ್ಲಿ ನಿಂತು, ಚಾರ್ಜರ್ ಚುಚ್ಚುವ ತೂತಿನೊಳಗೆ ಕೆಂಪು ಕೆಸರಾಗಿತ್ತು.

"ಮಮ್ಮೀ! ಯೂ ಪುಟ್ ಕುಂಕುಮ್ ಇನ್ ದ ಚಾರ್ಜಿಂಗ್ ಪೋರ್ಟ್?"

"ನಾ ಹಾಕಿಲ್ಲವಾ, ಅದಽ ಹೋಗೇತಿ."

ಹಲ್ಲುಕಡ್ಡಿಯಿಂದ ಕೆದಕಿದೆವು, ಹೇರ್ ಡ್ರೈಯರ್ ಹಿಡಿದೆವು. ತೇವ ಇದೆ ಎಂಬ ತ್ರಿಕೋನ ಚಿಹ್ನೆ ಹೋಗಲೇ ಇಲ್ಲ. ಬ್ಯಾಟರಿ ಶೇಕಡಾ ಮೂವತ್ತೆಂಟು. ಪರದೆ ಸದಾ ಉರಿಯುವ ನನ್ನ ಎರಡು ತಾಸಿನ ಓಟಕ್ಕೆ ಅರವತ್ತಾದರೂ ಬೇಕು. ಮಗಳಿಗೆ ಪರೀಕ್ಷೆ, ಹೊರಟುಹೋದಳು. ನನ್ನ ಸ್ವಂತ ಫೋನು ಹಳೆಯದು, ಅದರಲ್ಲಿ ನಕ್ಷೆ ತೆರೆಯುವಷ್ಟರಲ್ಲಿ ಚಹಾ ಕುದಿಸಿ ಸೋಸಬಹುದು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಹೊರಟೆ. ಹೆದರಿಕೆಯಾಗಿತ್ತು. ಭಕ್ತಿಯಿಂದ ಮಾಡಿದ ಕೆಲಸಕ್ಕೆ ಹೀಗಾಯಿತಲ್ಲ ಎಂದು ದೇವರ ಮೇಲೆ ಸಿಟ್ಟೂ ಬಂದಿತ್ತು.

ಬ್ಯಾಟರಿ ಉಳಿಸಲು ಹಾಟ್‌ಸ್ಪಾಟು ಆರಿಸಿದೆ, ಬೆಳಕು ತಗ್ಗಿಸಿದೆ. ಅಜ್ಜಿಯನ್ನು ಹತ್ತಿಸಿಕೊಂಡಾಗ ಮೂವತ್ತೊಂದು. ಮೇಸ್ತ್ರಿಯ ಮನೆಯ ಹತ್ತಿರ ಇಪ್ಪತ್ತು. ಥಾರ್ನ್‌ಹಿಲ್ಲಿನಲ್ಲಿ ಎಂಜಿನಿಯರು ಬೆಲ್ಟು ಹಾಕಿಕೊಂಡು ಪಾಠ ಶುರುಮಾಡುವಾಗ ಹನ್ನೆರಡು. ಗಂಟೆ ಹನ್ನೊಂದೂ ಮುಕ್ಕಾಲು. ಸ್ಟೀಲ್ಸ್ ಹಿಡಿದು ನೇರ ಹೋದರೆ ಸಾಕಿತ್ತು.

ಯಂಗ್ ರಸ್ತೆ ದಾಟಿ ಸ್ವಲ್ಪ ಹೋಗುವಷ್ಟರಲ್ಲಿ ಮುಂದೆ ಕೆಂಪು ದೀಪಗಳ ಸಾಲು. ನೀರಿನ ದೊಡ್ಡ ಪೈಪು ಒಡೆದು ರಸ್ತೆಯೆಲ್ಲ ಹೊಳೆಯಾಗಿತ್ತು. ಪೊಲೀಸಿನವನು ಕೈ ಬೀಸಿ ಎಲ್ಲರನ್ನೂ ಹಿಂದಕ್ಕೆ ಕಳಿಸುತ್ತಿದ್ದ. ಹಾಟ್‌ಸ್ಪಾಟು ಇದ್ದಿದ್ದರೆ ಒಂದು ಮೈಲಿ ಹಿಂದೆಯೇ ತಿಳಿಯುತ್ತಿತ್ತು. ತಿರುಗಿಸಿದೆ. ಒಳಗಿನ ಹೆಣ್ಣುದನಿ, ಯೂ-ಟರ್ನ್ ತೆಗೆದುಕೊಳ್ಳಿ ಎಂದಿತು. ಇನ್ನೊಂದು ಬೀದಿಗೆ ಹೊಕ್ಕೆ. ಮತ್ತೆ ಯೂ-ಟರ್ನ್. ಮತ್ತೆ ಮತ್ತೆ ಅದೇ ನೀರಿಗೆ ಎಳೆಯುತ್ತಿತ್ತು. ಬ್ಯಾಟರಿ ಏಳು.

ಒಂದು ಪ್ಲಾಜಾದ ಪಾರ್ಕಿಂಗಿಗೆ ಹೊಕ್ಕು ಗಾಡಿ ನಿಲ್ಲಿಸಿ ಆಫೀಸಿಗೆ ಕರೆ ಮಾಡಿದೆ. ಡಿಸ್ಪ್ಯಾಚಿನ ಹುಡುಗಿ ಪರದೆ ನೋಡಿ ಹೇಳಿದಳು, "ಆಂಟೀ, ಎವ್ರಿಥಿಂಗ್ ಈಸ್ ರೆಡ್. ಹೈವೇ ಸೆವೆನ್ ಆಲ್ಸೋ. ಜಸ್ಟ್ ವೇಟ್ ದೇರ್. ತಡ ಆಗತ್ತೆ ಅಂತ ಸೆಂಟರ್‌ಗೆ ಐ ವಿಲ್ ಟೆಲ್."

ತಡ ಎಂದು ಅವಳು ಕೇಂದ್ರಕ್ಕೆ ಹೇಳಿದ ಕ್ಷಣಕ್ಕೆ ನರ್ಸಿನ ಪುಸ್ತಕದಲ್ಲಿ ನನ್ನ ಮೂರನೆಯ ತಡದ ಗೆರೆ ಬಿದ್ದಂತೆ.

"ಹೇಳಬ್ಯಾಡವಾ. ಡೋಂಟ್ ಕಾಲ್. ಪ್ಲೀಸ್" ಎಂದು ಫೋನಿಟ್ಟೆ. ಗಂಟೆ ಹನ್ನೆರಡಕ್ಕೆ ನಾಲ್ಕು ನಿಮಿಷ. ಕನ್ನಡಿಯಲ್ಲಿ ನೋಡಿದೆ. ಮೇಸ್ತ್ರಿ ಎಚ್ಚರವಾಗಿದ್ದರು. ಅಜ್ಜಿ ನಗುತ್ತಿರಲಿಲ್ಲ. ಹಿಂದಿನ ವಾರಾಂತ್ಯದಿಂದ ಅವರ ಕಾಲು ಊದಿತ್ತು, ಬೆಲ್ಟು ಬಿಗಿಯುವಾಗ ನಾನೇ ನೋಡಿದ್ದೆ.

ಎಂಜಿನಿಯರು ಈ ಸಲ ಮೆಲ್ಲಗೆ ಹೇಳಿದರು, "ಆ ನಕ್ಷೆ ಒಳಗಿನ ಹುಡುಗಿ ಬಾಯಿ ಮುಚ್ಚಿಸಿಮ್ಮಾ. ಉತ್ತರ ಮೇಲೆ ಮಾಡಿ. ಇಲ್ಲಿಂದ ಸೆಂಟರ್ ತನಕ ಪೂರ್ತಿ ಕಾಣೋ ಹಾಗೆ ಚಿಕ್ಕದು ಮಾಡಿ. ಒಂದೇ ಒಂದ್ಸಲ ನೋಡೋಣ."

ಕಾಯಬೇಕೆಂದು ಆಫೀಸು ಹೇಳಿತ್ತು. ಕಾದರೆ ನನ್ನ ಮೇಲೆ ತಪ್ಪು ಬರುತ್ತಿರಲಿಲ್ಲ, ಪೈಪಿನ ಮೇಲೆ ಬರುತ್ತಿತ್ತು. ಆದರೆ ಪುಸ್ತಕದಲ್ಲಿ ಪೈಪಿನ ಹೆಸರು ಬರೆಯುವುದಿಲ್ಲ. ದಾರಿ ಹೇಳುವುದನ್ನು ರದ್ದು ಮಾಡಿದೆ. ದಿಕ್ಸೂಚಿಯ ಗುರುತನ್ನು ಒತ್ತಿದೆ. ನಕ್ಷೆ ಒಮ್ಮೆ ಹೊರಳಿ ನಿಂತುಬಿಟ್ಟಿತು. ಎರಡು ಬೆರಳಿಂದ ಚಿವುಟಿ ಕಿರಿದು ಮಾಡಿದೆ.

ಆವತ್ತು ನಾನು ಈ ಊರನ್ನು ಮೊದಲ ಸಲ ನೋಡಿದೆ ಎಂದರೆ ಸುಳ್ಳಲ್ಲ. ಕೆಳಗೆ ತೆಂಕಣಕ್ಕೆ ಸರೋವರ. ಅದರ ಮೇಲೆ ರಂಗೋಲಿಯ ಎಳೆಗಳಂತೆ ಅಡ್ಡ ಉದ್ದ ರಸ್ತೆಗಳು. ನಮಗೂ ಕೇಂದ್ರಕ್ಕೂ ನಡುವೆ 404 ಹೆದ್ದಾರಿ ಗೋಡೆಯಂತೆ ನಿಂತಿತ್ತು. ರಸ್ತೆಗಳು ಬೇಕಾದಷ್ಟು, ಆ ಗೋಡೆಯನ್ನು ದಾಟುವ ಸೇತುವೆಗಳು ಮಾತ್ರ ಬೆರಳೆಣಿಕೆ. ಸ್ಟೀಲ್ಸ್ ಬಂದ್, ಹೈವೇ ಸೆವೆನ್ ತುಂಬಿದೆ. ಅವೆರಡರ ನಡುವೆ ತೆಳ್ಳನೆಯ ಬೂದುಗೆರೆಯೊಂದು, ಮನೆಗಳ ನಡುವೆ ಹಾದು, ಗೋಡೆಯನ್ನು ದಾಟಿ ಆಚೆ ಹೋಗಿತ್ತು.

"ಇದು ದಾಟ್ತೈತಿ ನೋಡ್ರಿ ಸರ್!"

"ದಾಟತ್ತೆ. ಹೇಳಿ, ಹೇಗೆ ಹೋಗ್ತೀರಿ?"

"ಬಡಗಣಕ್ಕ ಮೂರು ಸಿಗ್ನಲ್. ಅಲ್ಲಿಂದ ಮೂಡಣಕ್ಕ, ಸೇತುವೆ ದಾಟೂ ಮಟ. ಆಮ್ಯಾಲ ತೆಂಕಣಕ್ಕ ಎರಡು, ಮತ್ತ ಮೂಡಣಕ್ಕ ಒಂದು."

"ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಟ್ಯಾಬ್ಲೆಟ್ಟು ಕಪ್ಪಾಯಿತು. ಚಿಂತೆ ಇರಲಿಲ್ಲ, ನಕ್ಷೆ ಆಗಲೇ ತಲೆಯೊಳಗೆ ಇಳಿದಿತ್ತು.

ಹೊರಟೆವು. ಬಡಗಣಕ್ಕೆ ಮೂರು ಸಿಗ್ನಲ್, ಎಂಜಿನಿಯರು ಬೆರಳು ಮಡಿಸಿ ಎಣಿಸುತ್ತಿದ್ದರು. ಮೂಡಣಕ್ಕೆ ತಿರುಗಿದೆ. ಮನೆಗಳು, ಒಂದು ಶಾಲೆ, ಅದರ ಮುಂದೆ ಮೂವತ್ತರ ಮಿತಿ. ಮೂವತ್ತೇ ಹೊಡೆದೆ. ಆಮೇಲೆ ರೈಲ್ವೆ ಗೇಟು. ಅದನ್ನು ನಾನು ನೋಡಿರಲಿಲ್ಲ, ಎಂಜಿನಿಯರೂ ನೋಡಿರಲಿಲ್ಲ. ಕೆಂಪು ದೀಪ ಮಿನುಗತೊಡಗಿ ಕಂಬ ಕೆಳಗಿಳಿಯಿತು. ಗಡಿಯಾರದಲ್ಲಿ ಹನ್ನೆರಡು ಎಂಟು. ರೈಲು ಹೋಯಿತು, ಕಂಬ ಎದ್ದಿತು, ಹನ್ನೆರಡು ಹನ್ನೊಂದು.

ರಸ್ತೆ ಬಾಗಿತು. ಒಂದು ಕ್ಷಣ ದಿಕ್ಕು ತಪ್ಪಿದೆನೇ ಅನ್ನಿಸಿತು. ಮಧ್ಯಾಹ್ನದ ಸೂರ್ಯ ಎಲ್ಲಿದ್ದಾನೆಂದು ನೋಡಿದೆ, ಬಲಗಡೆ ಇದ್ದ. ಬಲಕ್ಕೆ ತೆಂಕಣ, ಹಾಗಾದರೆ ಮುಂದೆ ಮೂಡಣವೇ. ಮರಗಳು ಸರಿದು ಎದುರಿಗೆ ಸೇತುವೆ ಬಂತು. ಕೆಳಗೆ ಹೆದ್ದಾರಿಯ ಗಾಡಿಗಳು ಸಾಲಾಗಿ ನಿಂತುಬಿಟ್ಟಿದ್ದವು. ನಾವು ಅವುಗಳ ತಲೆಯ ಮೇಲೆ ಹಾದು ಹೋದೆವು. ಅಜ್ಜಿ ಹಿಂದಿನಿಂದ, "ಲುಕ್ ಅಟ್ ದೆಮ್ ಸಿಟ್ಟಿಂಗ್!" ಎಂದು ಕೇಕೆ ಹಾಕಿದರು. ನಾನೂ ಹಾಕಿದೆ. ತೆಂಕಣಕ್ಕೆ ಎರಡು, ಮೂಡಣಕ್ಕೆ ಒಂದು.

ರ‍್ಯಾಂಪ್ ಇಳಿಸಿ, ಬೆಲ್ಟು ಬಿಚ್ಚಿ, ಮೂವರನ್ನೂ ಒಳಗೆ ಮುಟ್ಟಿಸಿದಾಗ ನರ್ಸು ಗೋಡೆಯ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದಳು. ಹನ್ನೆರಡು ಇಪ್ಪತ್ತಾರು. ಅವಳ ಬೆರಳ ಸಂದಿಯಿಂದ ಇಣುಕಿ ಎರಡು ಸಲ ಓದಿಕೊಂಡೆ. ಹೊರಗೆ ಬಂದು ವ್ಯಾನಿನಲ್ಲಿ ಕೂತು ಗಾಜು ಏರಿಸಿ, ಎರಡೂ ಕೈಯಿಂದ ಸ್ಟೇರಿಂಗ್ ಬಡಿದು, ಗೆದ್ದೆ ಗೆದ್ದೆ ಎಂದು ಕೂಗಿದೆ. ಕಣ್ಣಲ್ಲಿ ನೀರು ಬಂತು. ಬರಲಿ ಎಂದು ಬಿಟ್ಟೆ.

ಮಾಲೀಕರ ಕರೆ ಬಂದದ್ದು ಒಂದು ತಾಸಿನ ಮೇಲೆ. ವ್ಯಾನು ರೂಟು ಬಿಟ್ಟು ಓಣಿಗಳಲ್ಲಿ ಓಡಿದ್ದು ಅವರ ಟ್ರ್ಯಾಕರಿನಲ್ಲಿ ಕಂಡಿತ್ತು.

"ದೀದಿ, ಆಪ್ ಕಹಾಂ ಚಲೀ ಗಯೀ ಥೀಂ?" ಎಲ್ಲಿಗೆ ಹೋಗಿಬಿಟ್ಟಿದ್ದೆ ಎಂದು ಕೇಳಿದರು.

ಆವತ್ತು ವಿಜಯದಶಮಿ. ನಮ್ಮ ಕಡೆ ಅಂದು ಊರ ಗಡಿ ದಾಟಿ ಸೀಮೋಲ್ಲಂಘನ ಮಾಡುವ ಪದ್ಧತಿ. ಅದನ್ನು ಪಂಜಾಬಿಯವರಿಗೆ ಬಿಡಿಸಿ ಹೇಳುವ ಗೊಡವೆಗೆ ಹೋಗದೆ, "ಟೈಮ್ ಪರ್ ಪಹುಂಚ್ ಗಯೀ ನಾ, ಭಾಯಿಸಾಬ್?" ಎಂದು ಕೇಳಿದೆ. ಅವರು ನಕ್ಕರು. ಕೇಂದ್ರದವರು ಒಪ್ಪಿದ್ದಾರಂತೆ, ಮುಂದಿನ ವಾರದಿಂದ ರೂಟು ಕಾಯಂ, ಡ್ರೈವರ್ ಬೇರೆ ಯಾರೂ ಬೇಡ, ನಾನೇ ಬೇಕಂತೆ.

ಸುದ್ದಿ ಹೇಳಲು ಒಳಗೆ ಓಡಿದೆ. ಉದ್ದನೆಯ ಕೋಣೆಯಲ್ಲಿ ಮೂವರೂ ಸಾಲಾಗಿ ಕುರ್ಚಿಯಲ್ಲಿ ಒರಗಿದ್ದರು, ಪಕ್ಕದಲ್ಲಿ ಯಂತ್ರಗಳು ತಿರುಗುತ್ತಿದ್ದವು. ಬಾಗಿಲಲ್ಲೇ ನಿಂತು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಎಂಜಿನಿಯರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ, "ಇನ್ನ ಬಸ್ ಇಲ್ರೀ. ನಾನಽ ಬರ್ತೀನಿ. ಕಾಯಂ."

ಮೂವರ ಒಂದೊಂದು ಕೈಯೂ ಸೂಜಿ ಚುಚ್ಚಿಸಿಕೊಂಡು ಯಂತ್ರಕ್ಕೆ ಕಟ್ಟಿಹಾಕಿದಂತಿತ್ತು, ಅಲುಗಿಸುವಂತಿರಲಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಮೊದಲು ಅಜ್ಜಿ, ಆಮೇಲೆ ಮೇಸ್ತ್ರಿ, ಕೊನೆಗೆ ಎಂಜಿನಿಯರು, ತಮ್ಮ ಇನ್ನೊಂದು ಕೈಯೆತ್ತಿ ಕುರ್ಚಿಯ ತೋಳನ್ನು ಪಟಪಟನೆ ಬಡಿಯತೊಡಗಿದರು. ನರ್ಸು ಬಂದು ಸಾಕು ಎನ್ನುವವರೆಗೂ ನಿಲ್ಲಿಸಲಿಲ್ಲ.